ಮೇಯರಿಗೆ ಹೊದಿಸದ ಶಾಲು

ನ್ಯೂಜೆರ್ಸಿಯ ಸಮರ್‌ಸೆಟ್‌ನ ನಮ್ಮ ಟೌನ್‌ಹೌಸಿಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ನಾನು ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಆ ಕಡೆ ಯಾರಾದರೂ ಕೆಮ್ಮುತ್ತಾರೆ. ಆ ಕಡೆ ಕಾಫಿ ಬೀಜ ಪುಡಿ ಮಾಡುವ ಸದ್ದಾದರೆ ನಮಗೆ ಬೆಳಗಾಗುತ್ತದೆ. ಆ ಮನೆಯಲ್ಲಿ ಫ್ರಾನ್ಸಿನಿಂದ ಬಂದ ಹೆಂಗಸೊಬ್ಬಳು ಒಂಟಿಯಾಗಿದ್ದಳು. ಪ್ರಿನ್ಸ್‌ಟನ್‌ನಲ್ಲಿ ಔಷಧ ಸಂಶೋಧನೆಯ ಕೆಲಸ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವಳು. ಒಂದು ಬೇಸಿಗೆಯ ಆರಂಭದಲ್ಲಿ ಅವಳ ತಂದೆ ಬಂದು ಅವಳ ಜೊತೆ ಸೇರಿಕೊಂಡರು.

ನಾವು ಅವರನ್ನು ಗಮನಿಸಿದ್ದು ಅವರ ಕೈಕುಲುಕುವ ಚಟದಿಂದ. ಎಪ್ಪತ್ತು ದಾಟಿದ, ಎತ್ತರದ, ನೀಳ ಮೂಗಿನ ಮನುಷ್ಯ. ಕಸದ ಡಬ್ಬಿಯನ್ನು ರಸ್ತೆಯಂಚಿಗೆ ತಳ್ಳಿಕೊಂಡು ಬರುವುದಕ್ಕೂ ಕೋಟು ಹಾಕಿಕೊಳ್ಳುತ್ತಿದ್ದರು. ಟಪಾಲು ಹಂಚುವವನು, ಹುಲ್ಲು ಕತ್ತರಿಸಲು ಬಂದವರು, ನಾಯಿ ಹಿಡಿದು ಹೊರಟವರು, ಯಾರೇ ಎದುರಾಗಲಿ ನಿಂತು ಕೈ ಕೊಟ್ಟು ಕಣ್ಣಲ್ಲಿ ಕಣ್ಣಿಟ್ಟು ಒಂದು ಮಾತಾಡಿಯೇ ಮುಂದೆ ಹೋಗುವುದು. ನನ್ನ ಗಂಡ ಧಾರವಾಡದವರು. ಕಿಟಕಿಯಿಂದ ನೋಡುತ್ತ ನಿಂತವರು ಒಂದು ದಿನ, "ಏನ, ಈ ಅಜ್ಜಾ ಇಲೆಕ್ಷನ್ನಿಗೆ ನಿಂತಾನೇನು? ಎಲ್ಲಾರ್ ಕೈ ಕುಲುಕ್ಕೋಂತ ಹೊಂಟಾನಲ್ಲ!" ಎಂದರು.

ಅದು ನಿಜವೆಂದು ನಮಗೆ ಆಮೇಲೆ ಗೊತ್ತಾಯಿತು. ಅವರು ಫ್ರಾನ್ಸಿನ ಒಂದು ನಗರಕ್ಕೆ ಎರಡು ಸಲ ಮೇಯರ್ ಆಗಿದ್ದವರು.

ಪಿಯುಸಿಯಲ್ಲಿ ಮಾರ್ಕ್ಸ್ ಚೆನ್ನಾಗಿ ಬರುತ್ತದೆಂದು ಕನ್ನಡ ಬಿಟ್ಟು ಫ್ರೆಂಚ್ ತೆಗೆದುಕೊಂಡವಳು ನಾನು. ಮೈಸೂರಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ನಮ್ಮಪ್ಪ ಆಗ ಬೈಯಲಿಲ್ಲ. ಕೆಲವು ದಿನ ಮಾತು ಬಿಟ್ಟರು, ಅಷ್ಟೆ. ಆ ಫ್ರೆಂಚ್ ಇಷ್ಟು ವರ್ಷದ ಮೇಲೆ ನ್ಯೂಜೆರ್ಸಿಯ ಕಸದ ಡಬ್ಬಿಗಳ ನಡುವೆ ಉಪಯೋಗಕ್ಕೆ ಬಂತು. ನಾನು ಒಂದು ವಾಕ್ಯ ಜೋಡಿಸಿ ನಮಸ್ಕಾರ ಹೇಳಿದ್ದಕ್ಕೇ ಅವರ ಮುಖ ಅರಳಿಹೋಯಿತು. ನನಗೆ ವಾರದಲ್ಲಿ ಎರಡು ದಿನ ಮಾತ್ರ ಆಫೀಸು, ಉಳಿದಂತೆ ಮನೆಯಿಂದಲೇ ಕೆಲಸ. ಮಧ್ಯಾಹ್ನದ ಊಟವಾದ ಮೇಲೆ ಇಬ್ಬರೂ ಕಾಲುವೆಯ ಪಕ್ಕದ ಮಣ್ಣುದಾರಿಯಲ್ಲಿ ವಾಕ್ ಹೋಗುವುದು ರೂಢಿಯಾಯಿತು. ಅವರದು ಅರ್ಧ ಫ್ರೆಂಚ್, ಅರ್ಧ ಇಂಗ್ಲಿಷ್. ನನ್ನ ನೆನಪಿನಲ್ಲಿ ಅದೆಲ್ಲ ಕನ್ನಡವಾಗಿಯೇ ಉಳಿದಿದೆ.

ಅವರು ಮೊದಲು ಹೇಳಿದ್ದು ಮೇಲೇರಿದ ಕಥೆ. ಅದನ್ನು ಹೇಳುವಾಗ ಕೈಗಳೂ ಮಾತಾಡುತ್ತಿದ್ದವು. ಅವರು ಭೂಗೋಳದ ಮೇಷ್ಟ್ರು. ಊರಿನ ನದೀ ದಂಡೆಯಲ್ಲಿ ಮುಚ್ಚಿಹೋದ ದೊಡ್ಡ ಬಟ್ಟೆ ಗಿರಣಿಯೊಂದಿತ್ತು. ಅದನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡುತ್ತೇವೆಂದು ಆಗಿನ ಮೇಯರ್ ಹೊರಟಾಗ, ಇವರು ಮಕ್ಕಳನ್ನು ಕಟ್ಟಿಕೊಂಡು ಹೋಗಿ ಅಲ್ಲೇ ಗಿರಣಿಯ ಅಂಗಳದಲ್ಲಿ ಪಾಠ ಮಾಡಿದರು. ಅಲ್ಲಿ ಕೆಲಸ ಮಾಡಿದ್ದ ಅಜ್ಜಿಯರು ಬಂದು ಕೂತರು, ಪತ್ರಿಕೆಯವರು ಬಂದರು. ಅದೇ ಶಾಲೆಯ ಗಣಿತದ ಮೇಡಂ ಒಬ್ಬರು, ಇವರ ಹಳೆಯ ಗೆಳತಿ, "ನೀನು ಚುನಾವಣೆಗೆ ನಿಲ್ಲು, ಮನೆಮನೆ ಸುತ್ತುವ ಕೆಲಸ ನನಗೆ ಬಿಡು" ಎಂದರಂತೆ. ಆಕೆ ಊರಿನ ಒಂದು ಬಾಗಿಲನ್ನೂ ಬಿಡಲಿಲ್ಲ. ಇವರು ಸ್ವಲ್ಪದರಲ್ಲಿ ಗೆದ್ದರು. ಗೆಳತಿ ಉಪಮೇಯರ್ ಆದರು.

ಮೊದಲ ಅವಧಿಯಲ್ಲಿ ಪ್ರತಿ ಶನಿವಾರ ಸಂತೆಯಲ್ಲಿ ಒಂದು ಮೇಜು ಹಾಕಿಕೊಂಡು ಕೂತು ಜನರ ದೂರು ಕೇಳಿದರು. ಗಿರಣಿಯಲ್ಲಿ ಗ್ರಂಥಾಲಯವಾಯಿತು. ಅವರ ದೇಶದಲ್ಲಿ ಮದುವೆಗಳನ್ನು ಮೇಯರೇ ಮಾಡಿಸಬೇಕು. ಎದೆಗೆ ಅಡ್ಡಲಾಗಿ ಮೂರು ಬಣ್ಣದ ಪಟ್ಟಿ ಧರಿಸಿ ತಮ್ಮ ಹಳೆಯ ವಿದ್ಯಾರ್ಥಿಗಳಿಗೆಲ್ಲ ತಾವೇ ಮದುವೆ ಮಾಡಿಸಿದರು. ಎರಡನೆಯ ಸಲ ಎದುರಾಳಿಗಳ ಗುರುತೇ ಇಲ್ಲದ ಹಾಗೆ ಗೆದ್ದರು.

"ಆಮೇಲೆ ನನ್ನನ್ನು ಹೆಸರು ಹಿಡಿದು ಕರೆಯುವವರು ಒಬ್ಬರೂ ಉಳಿಯಲಿಲ್ಲ" ಎಂದರು. "ಹೆಂಡತಿ ತೀರಿಕೊಂಡಿದ್ದಳು, ಮಗಳು ಅಮೆರಿಕಕ್ಕೆ ಬಂದಿದ್ದಳು. ಎಲ್ಲರಿಗೂ ನಾನು ಮೇಯರ್ ಸಾಹೇಬ. ಗೆಳತಿ ಮಾತ್ರ ಹೆಸರು ಹಿಡಿದು ಕರೆಯುತ್ತಿದ್ದಳು. ಅದೂ ನನಗೆ ಕಿರಿಕಿರಿಯಾಗಲು ಶುರುವಾಗಿತ್ತು."

ಬಿದ್ದ ಕಥೆಯನ್ನು ಅವರು ಹೇಳಿದ್ದು ಎಲೆ ಉದುರುವ ಕಾಲ ಶುರುವಾದ ಮೇಲೆ, ಕಾಲುವೆಯ ಪಕ್ಕದ ಬೆಂಚಿನ ಮೇಲೆ ಕೂತು. ಆಗ ಕೈಗಳು ತೊಡೆಯ ಮೇಲೇ ಇದ್ದವು.

ಊರಿನ ಒಳಾಂಗಣ ಕ್ರೀಡಾಂಗಣಕ್ಕೆ ಚಪ್ಪಟೆ ಮಾಡು, ಇಳಿಜಾರಿಲ್ಲದ ಹಳೆಯ ಛಾವಣಿ. ಕಟ್ಟಡಗಳ ಹೊಣೆ ಇದ್ದ ಗೆಳತಿ ಅವರ ಕೋಣೆಗೆ ಬಂದು, ಹಿಮ ಬಿದ್ದಾಗ ತೊಲೆಗಳು ಸದ್ದು ಮಾಡುತ್ತಿವೆ, ಈ ಚಳಿಗಾಲ ಅದನ್ನು ಮುಚ್ಚಿಬಿಡೋಣ ಎಂದಿದ್ದರು. ಆದರೆ ಆ ವರ್ಷ ಮಕ್ಕಳ ಹ್ಯಾಂಡ್‌ಬಾಲ್ ಪಂದ್ಯಾವಳಿ ಮೊದಲ ಸಲ ಇವರ ಊರಿಗೆ ಬಂದಿತ್ತು. ಮುಂದೆ ಚುನಾವಣೆಯೂ ಇತ್ತು. "ಪಂದ್ಯ ಮುಗಿಯಲಿ, ಆಮೇಲೆ ನೋಡೋಣ" ಎಂದರು ಇವರು. ಆಕೆ ಮತ್ತೆ ಬಂದರು. ಇವರು ಅದನ್ನೇ ಮತ್ತೆ ಹೇಳಿದರು.

ಒಂದು ಸಂಜೆ ಭಾರಿ ಹಿಮ ಬಿದ್ದು ಮಾಡಿನ ಒಂದು ಭಾಗ ಕುಸಿಯಿತು. ಮಕ್ಕಳು ಬಟ್ಟೆ ಬದಲಿಸುವ ಕೋಣೆಯಲ್ಲಿದ್ದರು. ಅವರಿಗೆ ಆಟ ಕಲಿಸುತ್ತಿದ್ದ ಯುವತಿ ಚೆಂಡುಗಳನ್ನು ಚೀಲಕ್ಕೆ ತುಂಬುತ್ತ ಒಳಗೇ ಇದ್ದಳು. ಜೀವ ಉಳಿಯಿತು. ಸೊಂಟ ಮತ್ತು ಒಂದು ಕಾಲು ಮೊದಲಿನಂತಾಗಲಿಲ್ಲ.

"ವಿಚಾರಣೆಗೆ ಬಂದವರು, ನಿಮಗೆ ಯಾರಾದರೂ ಮುನ್ಸೂಚನೆ ಕೊಟ್ಟಿದ್ದರೇ ಎಂದು ಕೇಳಿದರು. ಇಲ್ಲ ಎಂದೆ" ಎಂದು ಅವರು ನೀರಿನ ಕಡೆ ನೋಡುತ್ತ ಹೇಳಿದರು. "ಹೇಳಿದ್ದೇನೆ ಎಂದಳು ಗೆಳತಿ. ಊರು ನನ್ನನ್ನು ನಂಬಿತು. ಅವಳು ರಾಜೀನಾಮೆ ಕೊಟ್ಟಳು. ಅವಳ ಮನೆ ಬಾಗಿಲ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ಹೊಲಸು ಬರೆದರು. ನಾನು ಆ ಬೀದಿಯಲ್ಲಿ ಕಾರಿನಲ್ಲಿ ಹೋಗುವಾಗ ಅದನ್ನು ಓದಿದೆ. ಇಡೀ ಚಳಿಗಾಲ ಸುಮ್ಮನಿದ್ದೆ."

ವಸಂತದಲ್ಲಿ ನ್ಯಾಯಾಲಯದಲ್ಲಿ ಅದೇ ಪ್ರಶ್ನೆ ಮತ್ತೆ ಬಂತು. ಗೆಳತಿ ಮುಂದಿನ ಸಾಲಿನಲ್ಲಿ ಕೂತು ತಮ್ಮ ಕೈಚೀಲವನ್ನೇ ನೋಡುತ್ತಿದ್ದರು. ಇವರು, "ಹೇಳಿದ್ದಳು. ಎರಡು ಸಲ ಹೇಳಿದ್ದಳು" ಎಂದರು. ಅಂದು ಸಂಜೆಯೊಳಗೆ ಪಕ್ಷದವರು ಕೈಬಿಟ್ಟರು. ನ್ಯಾಯಾಲಯ ಜೈಲು ಶಿಕ್ಷೆ ಕೊಟ್ಟು ಅದನ್ನು ಅಮಾನತಿನಲ್ಲಿಟ್ಟಿತು, ಅಧಿಕಾರಕ್ಕೆ ಮತ್ತೆ ಬರಬಾರದೆಂದಿತು. ಇವರು ಮದುವೆ ಮಾಡಿಸಿದ ಜೋಡಿಗಳು ಇವರನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗತೊಡಗಿದವು. ಗೆಳತಿಯ ಮನೆಗೆ ಹೋದಾಗ ಆಕೆ ಬಾಗಿಲು ಅರ್ಧ ತೆರೆದು, "ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್. ಇನ್ನು ಬರಬೇಡ" ಎಂದು ಮುಚ್ಚಿಕೊಂಡರಂತೆ. ಕೊನೆಗೆ ಮಗಳು ಗ್ರೀನ್ ಕಾರ್ಡ್ ಮಾಡಿಸಿ ಇಲ್ಲಿಗೆ ಕರೆಸಿಕೊಂಡಳು.

"ನೀವೇ ಒಪ್ಪಿಕೊಂಡಿರಲ್ಲ, ಅದು ದೊಡ್ಡದು" ಎಂದೆ. ಅವರು ಎದ್ದು ನಡೆದರು.

ನವೆಂಬರಿನಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ. ಶಾಲೆಯೊಂದರ ಆಡಿಟೋರಿಯಂ ಬಾಡಿಗೆಗೆ ಹಿಡಿದಾಗಿತ್ತು, ನಾನೂ ಸಮಿತಿಯಲ್ಲಿದ್ದೆ. ಕಾರ್ಯಕ್ರಮ ಹತ್ತಿರ ಬಂದಾಗ ಸಂಘದ ಅಧ್ಯಕ್ಷರು ಫೋನ್ ಮಾಡಿದರು. ಅವರು ಮಂಡ್ಯದ ಕಡೆಯವರು, ಐಟಿಯಲ್ಲಿ ಮ್ಯಾನೇಜರ್. ಎಲ್ಲವೂ ಸರಿಯಾಗಿ ಆಗಬೇಕೆಂದು ಒದ್ದಾಡುವ ಒಳ್ಳೆಯ ಮನುಷ್ಯ.

"ಮೇಡಂ, ನಮ್ ಟೌನ್ ಮೇಯರ್ ಬರಕ್ಕಾಗಲ್ವಂತೆ, ಫ್ಯಾಮಿಲಿ ಎಮರ್ಜೆನ್ಸಿ. ನಾನ್ ಬ್ಯಾನರ್ ಪ್ರಿಂಟ್ ಮಾಡ್ಸ್‌ಬಿಟ್ಟಿದ್ದೀನಿ, ಮುಖ್ಯ ಅತಿಥಿ ಮೇಯರ್ ಅಂತ. ಈಗ ಲಾಸ್ಟ್ ಮಿನಿಟ್‌ನಲ್ಲಿ ಯಾರನ್ನ ಹಿಡೀಲಿ?"

"ಮೇಯರ್ ತಾನೇ ಬೇಕು?" ಎಂದೆ ನಾನು ನಗುತ್ತ. "ನಮ್ ಪಕ್ಕದ ಮನೇಲೇ ಒಬ್ರಿದ್ದಾರೆ. ಫ್ರಾನ್ಸಲ್ಲಿ ಎರಡ್ ಸಲ ಮೇಯರ್ ಆಗಿದ್ದೋರು."

"ಅಯ್ಯೋ ಸೂಪರ್! ಬ್ಯಾನರ್ ಹಂಗೇ ನಡೆಯತ್ತೆ! ಈಗ ಯಾಕೆ ಬಿಟ್ರು?"

"ಕ್ವಿಟ್ ಮಾಡಿದ್ರು ಸರ್. ವಯಸ್ಸಾಯ್ತಲ್ಲ."

ಆ ಮಾತು ಯಾವ ತಡೆಯೂ ಇಲ್ಲದೆ ಬಾಯಿಂದ ಬಂದುಬಿಟ್ಟಿತು. ಪಕ್ಕದ ಮನೆಗೆ ಹೋಗಿ ಕರೆದಾಗ ಅವರು ಬೇಡವೆಂದರು. ನಾನು ಬಿಡಲಿಲ್ಲ. ನಮ್ಮ ಜನ, ನಮ್ಮ ಹಬ್ಬ, ಮಕ್ಕಳ ನೃತ್ಯ, ಬಿಸಿಬೇಳೆಬಾತ್ ಎಂದೆಲ್ಲ ಹೇಳಿದೆ. ಕೊನೆಗೆ, "ಬರುತ್ತೇನೆ. ಆದರೆ ಭೂಗೋಳದ ಮೇಷ್ಟ್ರು ಎಂದಷ್ಟೇ ಪರಿಚಯ ಮಾಡಿಸಿ" ಎಂದರು. ಆಗಲಿ ಎಂದೆ. ಅಧ್ಯಕ್ಷರಿಗೆ ಅದನ್ನು ಹೇಳಲೇ ಇಲ್ಲ. ನಮ್ಮ ಸಂಘಕ್ಕೆ ನಾನು ಒಬ್ಬ ಮೇಯರನ್ನು ತಂದುಕೊಡುತ್ತಿದ್ದೇನೆಂಬ ಹೆಮ್ಮೆ ನನ್ನ ತಲೆಗೇರಿತ್ತು.

ಆ ದಿನ ಅವರು ಕಪ್ಪು ಕೋಟು ತೊಟ್ಟು ಬಂದು ಬಾಗಿಲಲ್ಲಿ ಅರಿಶಿನ ಕುಂಕುಮ, ಕಲ್ಲುಸಕ್ಕರೆ ಕೊಡುತ್ತಿದ್ದ ಹುಡುಗಿಯರ ಕೈಯನ್ನೂ ಕುಲುಕಿದರು. ವೇದಿಕೆಯ ಮೇಲೆ ಹಳದಿ ಕೆಂಪು ಬ್ಯಾನರಿನ ಕೆಳಗೆ ಅವರನ್ನು ಕೂರಿಸಿದೆವು. ಅಧ್ಯಕ್ಷರು ಅವರ ಹೆಸರನ್ನೂ ಊರನ್ನೂ ಬಿಡಿಸಿ ಹೇಳಿ, "ಯೂರೋಪಿನ ಮಹಾನಗರವೊಂದರ ಮಾಜಿ ಮೇಯರ್" ಎಂದು ಮೈಕಿನಲ್ಲಿ ಸಾರಿದರು. ಕನ್ನಡದ ಮಾತಿನ ನಡುವೆ 'ಮೇಯರ್' ಎಂಬ ಪದ ಕಿವಿಗೆ ಬಿದ್ದು ಅತಿಥಿ ನನ್ನ ಕಡೆ ನೋಡಿದರು. ನಾನು ದೀಪದ ಬತ್ತಿ ಸರಿಮಾಡುವವಳಂತೆ ಬಗ್ಗಿದೆ.

ಸನ್ಮಾನಕ್ಕೆ ಮುಂಚೆ ಮಕ್ಕಳ ಹಾಡು ನಡೆಯುತ್ತಿತ್ತು. ಅಧ್ಯಕ್ಷರು ಪರದೆಯ ಪಕ್ಕಕ್ಕೆ ನನ್ನನ್ನು ಕರೆದರು. ಕೈಯಲ್ಲಿ ಫೋನು, ಮುಖದಲ್ಲಿ ಬೆವರು.

"ಮೇಡಂ, ಆಡಿಯನ್ಸ್‌ನಲ್ಲಿ ಯಾರೋ ಸರ್ಚ್ ಮಾಡಿ ವಾಟ್ಸಾಪ್ ಗ್ರೂಪ್‌ಗೆ ಹಾಕಿದ್ದಾರೆ. ಕನ್ವಿಕ್ಟ್ ಆಗಿದ್ದಾರೆ ಅಂತ ಬರ್ತಿದೆ. ಯಾವ್ದೋ ರೂಫ್ ಬಿದ್ದ ಕೇಸು. ನಿಮ್ಗೆ ಗೊತ್ತಿತ್ತಾ?"

"ಇಲ್ಲಪ್ಪ" ಎಂದೆ. "ಏನೋ ಪಾಲಿಟಿಕ್ಸ್ ಇರತ್ತೆ ಸರ್. ಆಗದೇ ಇರೋರು ಸಿಕ್ಕಿಸಿ ಹಾಕಿರ್ತಾರೆ."

ಅವರ ಮುಖ ಸಡಿಲವಾದದ್ದನ್ನು ನಾನು ಕಂಡೆ. "ಓ, ನಮ್ ಕಡೆ ತರಾನೇ ಅನ್ನಿ. ಸದ್ಯ! ನಾನ್ ಮ್ಯಾನೇಜ್ ಮಾಡ್ತೀನಿ ಬಿಡಿ."

ಅವರು ಮ್ಯಾನೇಜ್ ಮಾಡಿದರು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ವೇದಿಕೆಗೆ ಬಂದಾಗ ಅತಿಥಿಗೂ ಅರ್ಥವಾಗಲೆಂದು ಇಂಗ್ಲಿಷಿನಲ್ಲೇ ಹೇಳಿದರು: ಇಂಥ ನಾಯಕರಿಗೆ ಶತ್ರುಗಳು ಇರುವುದು ಸಹಜ, ಸುಳ್ಳು ಕೇಸಿನಲ್ಲಿ ಸಿಕ್ಕಿಸಿದರೂ ತಲೆಯೆತ್ತಿ ನಿಂತವರು ಇವರು, ದೊಡ್ಡ ಚಪ್ಪಾಳೆ ಬರಲಿ. ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಅತಿಥಿ ಎದ್ದು ನಿಂತರು. ಪೇಟ ಇಡಲು ಬಂದವರನ್ನು ಕೈಯೆತ್ತಿ ತಡೆದು ಮೈಕಿನ ಹತ್ತಿರ ಬಂದರು.

"ನೀವು ತುಂಬ ಒಳ್ಳೆಯವರು. ಆದರೆ ಕೇಸು ಸುಳ್ಳಲ್ಲ" ಎಂದರು, ಒರಟು ಇಂಗ್ಲಿಷಿನಲ್ಲಿ, ನಿಧಾನವಾಗಿ. "ಒಂದು ಮಾಡು ಬೀಳುತ್ತದೆಂದು ನನಗೆ ಹೇಳಿದ್ದರು. ನಾನು ಕೇಳಲಿಲ್ಲ. ಒಬ್ಬಳು ಹುಡುಗಿ ಅದರ ಕೆಳಗೆ ಸಿಕ್ಕಿದಳು. ಆಮೇಲೆ ನಾನು ಸುಳ್ಳು ಹೇಳಿ, ನನ್ನನ್ನು ಎಚ್ಚರಿಸಿದ್ದವಳ ಮೇಲೆ ತಪ್ಪು ಹೊರಿಸಿದೆ. ನನಗೆ ಶತ್ರುಗಳಿರಲಿಲ್ಲ. ಇದು ನಿಮ್ಮ ಮಕ್ಕಳ ದಿನ. ದಯವಿಟ್ಟು ಈ ಬಟ್ಟೆಯನ್ನು ನನಗೆ ಹೊದಿಸಬೇಡಿ."

ಒಂದಿಬ್ಬರು ಚಪ್ಪಾಳೆ ಶುರುಮಾಡಿ, ಬೇರೆ ಯಾರೂ ಸೇರದ್ದರಿಂದ ನಿಲ್ಲಿಸಿದರು. ಅಧ್ಯಕ್ಷರು ಶಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಕಲೂ ಆಗದೆ ಇಡಲೂ ಆಗದೆ ನಿಂತಿದ್ದರು. ಯಾರೋ ಡೊಳ್ಳು ಕುಣಿತದ ಮ್ಯೂಸಿಕ್ ಹಾಕಿಬಿಟ್ಟರು.

ಮನೆಗೆ ಬರುವಾಗ ನನ್ನ ಗಂಡ ಡ್ರೈವ್ ಮಾಡುತ್ತಿದ್ದರು, ಪಕ್ಕದ ಮನೆಯವರು ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಹೈಸ್ಕೂಲಿನಲ್ಲಿ ಓದುವ ನಮ್ಮ ಮಗಳು ನನ್ನ ಪಕ್ಕದಲ್ಲಿ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ನಾನು ಫ್ರೆಂಚಿನಲ್ಲಿ ಕ್ಷಮೆ ಕೇಳಿದೆ. ನಿಮ್ಮ ಮರ್ಯಾದೆ ಉಳಿಸಲು ಹೋಗಿ ಹೀಗಾಯಿತು ಎಂದೆ.

"ಗೊತ್ತು, ಮದಾಂ" ಎಂದರು ಅವರು ಹಿಂದೆ ತಿರುಗದೆ. "ಆ ಚಳಿಗಾಲದಲ್ಲಿ ನನಗೆ ನಿಮ್ಮಂಥ ಸ್ನೇಹಿತರು ಬಹಳ ಇದ್ದರು."

ಅವರು ಅದನ್ನು ಕೋಪದಿಂದ ಹೇಳಿದ್ದಲ್ಲ. ಕೋಪ ಮಾಡಿಕೊಂಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮನೆಯೊಳಗೆ ಬಂದ ಮೇಲೆ ನನ್ನ ಗಂಡ ಷೂ ಬಿಚ್ಚುತ್ತ, "ಅವ್ರು ಏನಂದ್ರು?" ಎಂದರು. ಹೇಳಿದೆ. "ಹೌದಲ್ಲ ಮತ್ತ" ಎಂದು ಮೆಟ್ಟಿಲು ಹತ್ತಿ ಹೋದರು.

ಮುಂದಿನ ದಿನಗಳಲ್ಲಿ ಸಂಘದ ಗ್ರೂಪಿನಲ್ಲಿ ಎಲ್ಲರೂ ಅಧ್ಯಕ್ಷರ ಮೇಲೆ ಬಿದ್ದರು. ಚೀಫ್ ಗೆಸ್ಟ್ ಯಾರೆಂದು ಚೆಕ್ ಮಾಡುವಷ್ಟೂ ಬುದ್ಧಿ ಇಲ್ಲವೇ, ಮಕ್ಕಳ ಮುಂದೆ ಏನಿದೆಲ್ಲ, ಸುಳ್ಳು ಕೇಸು ಎಂದು ಮೈಕಿನಲ್ಲಿ ಹೇಳಿದ್ದು ಯಾವ ಆಧಾರದ ಮೇಲೆ, ಹೀಗೆ. ಅವರು ಒಂದೊಂದಕ್ಕೂ 'ಸಾರಿ, ನನ್ನದೇ ತಪ್ಪು' ಎಂದು ಬರೆಯುತ್ತಿದ್ದರು. ನನ್ನ ಹೆಸರನ್ನು ಎಲ್ಲೂ ಎತ್ತಲಿಲ್ಲ. ನಾನು ಎಲ್ಲವನ್ನೂ ಓದುತ್ತಿದ್ದೆ. ಆಫೀಸಿನ ಮೀಟಿಂಗ್ ನಡುವೆ ಓದುತ್ತಿದ್ದೆ, ಪಾತ್ರೆ ತೊಳೆಯುತ್ತ ಓದುತ್ತಿದ್ದೆ. ಬರೆಯಬೇಕೆಂದು ಬೆರಳು ಇಟ್ಟು ತೆಗೆಯುತ್ತಿದ್ದೆ. ಥ್ಯಾಂಕ್ಸ್‌ಗಿವಿಂಗ್ ರಜೆ ಕಳೆಯಿತು. ಪಕ್ಕದ ಮನೆಯವರು ವಾಕಿಗೆ ಕರೆಯಲು ಬರಲಿಲ್ಲ, ನಾನೂ ಬಾಗಿಲು ತಟ್ಟಲಿಲ್ಲ. ಗೋಡೆಯಾಚೆ ಕಾಫಿ ಬೀಜದ ಸದ್ದು ಮಾತ್ರ ಕೇಳುತ್ತಿತ್ತು.

ಒಂದು ದಿನ ಮಗಳು ಊಟಕ್ಕೆ ಕೂತಾಗ ಇಂಗ್ಲಿಷಿನಲ್ಲಿ ಕೇಳಿದಳು: "ಅಮ್ಮಾ, ಆ ಅಂಕಲ್ ಯಾಕೆ ಎಲ್ಲರ ಹತ್ತಿರ ಬೈಸಿಕೊಳ್ಳುತ್ತಿದ್ದಾರೆ? ಅದನ್ನು ಅವರಿಗೆ ಹೇಳಿದ್ದು ನೀನಲ್ಲವಾ? ನಾನು ಪರದೆಯ ಹಿಂದೆ ಡ್ಯಾನ್ಸಿಗೆ ಕಾಯುತ್ತಿದ್ದೆ, ಕೇಳಿಸಿತು."

ಅಂದು ಗ್ರೂಪಿನಲ್ಲಿ ಬರೆದೆ. ಅತಿಥಿಯ ವಿಷಯ ನನಗೆ ಮೊದಲೇ ಪೂರ್ತಿ ಗೊತ್ತಿತ್ತು, ಅಧ್ಯಕ್ಷರು ಕೇಳಿದಾಗ ಗೊತ್ತಿಲ್ಲವೆಂದೆ, ಸುಳ್ಳು ಕೇಸು ಎಂದು ಹೇಳಿದವಳೂ ನಾನೇ ಎಂದು. ಆಮೇಲೆ ಯಾರೋ ಎಳ್ಳುಂಡೆ ಮಾಡುವ ವಿಡಿಯೊ ಹಾಕಿದರು. ಅಧ್ಯಕ್ಷರು ಫೋನ್ ಮಾಡಿದರು.

"ಯಾಕ್ ಮೇಡಂ ಬರಿಯಕ್ಕೋದ್ರಿ? ಎಲ್ಲಾ ತಣ್ಣಗಾಗಿತ್ತು."

"ನಿಮ್ಮನ್ನ ಎಲ್ಲರೂ ಅಂತಿದ್ರಲ್ಲ ಸರ್."

"ನಮ್ಮನೆಯವ್ಳು ಅವತ್ತಿಂದ ಫಂಕ್ಷನ್‌ಗೆ ಬರಲ್ಲ ಅಂತ ಕೂತವ್ಳೆ" ಎಂದರು. "ಇರ್ಲಿ ಬಿಡಿ, ಹೇಳಿದ್ರಲ್ಲ." ಆಮೇಲಿನ ಸಮಿತಿಗೆ ನನ್ನನ್ನು ಯಾರೂ ಕರೆಯಲಿಲ್ಲ. ನಾನೂ ಕೇಳಲಿಲ್ಲ.

ಜನವರಿಯಲ್ಲಿ ದೊಡ್ಡ ಹಿಮ ಬಿತ್ತು. ಶಾಲೆಗಳಿಗೆ ರಜೆ. ಎರಡನೆಯ ದಿನ ಪಕ್ಕದ ಮನೆಯ ಮಗಳು ನಮ್ಮ ಬಾಗಿಲಿಗೆ ಬಂದಳು, ಕಣ್ಣು ಕೆಂಪಾಗಿತ್ತು. ಹಿಮ ಬಿದ್ದಾಗಲೆಲ್ಲ ಅಪ್ಪ ಊಟ ಮಾಡುವುದಿಲ್ಲ, ಟೌನ್ ಆಫೀಸಿಗೆ ಫೋನ್ ಮಾಡಿ ಶಾಲೆಯ ಮಾಡಿನ ಮೇಲಿನ ಹಿಮ ತೆಗೆದಿರಾ ಎಂದು ಕೇಳುತ್ತಲೇ ಇರುತ್ತಾರೆ, ಅಲ್ಲಿನವರು ಸೌಜನ್ಯದಿಂದ ಉತ್ತರ ಕೊಡುತ್ತಾರೆ, ಇವರಿಗೆ ಸಮಾಧಾನವಿಲ್ಲ. "ನನ್ನ ಮಾತು ಕೇಳುವುದಿಲ್ಲ. ನೀವು ಒಮ್ಮೆ ಬನ್ನಿ" ಎಂದಳು.

ಹೋದೆ. ಅವರು ಕೋಟು ತೊಟ್ಟು ಕಿಟಕಿಯ ಪಕ್ಕ ನಿಂತಿದ್ದರು. ನನ್ನನ್ನು ಕಂಡು, ನಡುವೆ ಏನೂ ಆಗಿಯೇ ಇಲ್ಲವೆಂಬಂತೆ, "ನಿಮ್ಮ ಮಗಳ ಶಾಲೆಯ ಜಿಮ್ಮಿನ ಮಾಡು ಚಪ್ಪಟೆಯೇ?" ಎಂದರು.

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಮಗಳನ್ನು ಬಿಟ್ಟು ಬಂದ ಶಾಲೆ. ಮಾಡಿನ ಕಡೆ ಒಮ್ಮೆಯೂ ನೋಡಿರಲಿಲ್ಲ. "ನಡೀರಿ, ನೋಡ್ಕೊಂಡು ಬರೋಣ" ಎಂದೆ ಕನ್ನಡದಲ್ಲೇ. ಅವರಿಗೆ ಅರ್ಥವಾಯಿತು.

ರಸ್ತೆಗಳನ್ನು ಆಗಲೇ ಗುಡಿಸಿದ್ದರು. ಶಾಲೆಯ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಲ್ಲಿಸಿದೆ. ಮಾಡು ಚಪ್ಪಟೆಯೇ ಆಗಿತ್ತು. ಅದರ ಮೇಲೆ ಇಬ್ಬರು ಸಲಿಕೆ ಹಿಡಿದು ಹಿಮವನ್ನು ಅಂಚಿನಿಂದ ಕೆಳಕ್ಕೆ ತಳ್ಳುತ್ತಿದ್ದರು. ಇವರು ಕಾರಿನಿಂದಿಳಿದು ಮೊಣಕಾಲಿನವರೆಗಿನ ಹಿಮದಲ್ಲಿ ನಿಂತು ತಲೆಯೆತ್ತಿ ನೋಡಿದರು. ಮೇಲಿದ್ದವನೊಬ್ಬ ಕೈಬೀಸಿದ. ಇವರೂ ಕೈಬೀಸಿದರು. ಆ ಇಬ್ಬರೂ ಕೆಲಸ ಮುಗಿಸಿ ಏಣಿ ಇಳಿಯುವವರೆಗೆ ಕಾರಿಗೆ ಬರಲಿಲ್ಲ. ನಾನೂ ಪಕ್ಕದಲ್ಲೇ ನಿಂತಿದ್ದೆ. ಸಂಘದ ಗ್ರೂಪಿನಲ್ಲಿ ಬರೆದದ್ದನ್ನು ಅಲ್ಲೇ ಹೇಳಿದೆ. ಅವರು ತಲೆಯಾಡಿಸಿದರು, ಹೊಗಳಲಿಲ್ಲ.

ಹಿಂದಿರುಗುವಾಗ, "ನಾನು ವಾಪಸು ಹೋಗುತ್ತೇನೆ" ಎಂದರು.

"ಅಲ್ಲಿ ಯಾರಿದ್ದಾರೆ ನಿಮಗೆ?"

"ಇಲ್ಲಿ ಎಲ್ಲರೂ ನನ್ನ ಕೈ ಕುಲುಕುತ್ತಾರೆ. ಅದು ಸರಿಯಲ್ಲ."

ಅವರ ಮಗಳು ಅತ್ತಳು, ಜಗಳವಾಡಿದಳು, ಗೋಡೆಯಾಚೆ ಎಲ್ಲ ಕೇಳುತ್ತಿತ್ತು. ಏಪ್ರಿಲಿನಲ್ಲಿ ನಾನೂ ಅವಳೂ ಸೇರಿ ಅವರನ್ನು ನ್ಯೂವರ್ಕ್ ಏರ್‌ಪೋರ್ಟಿಗೆ ಬಿಟ್ಟು ಬಂದೆವು. ಅವರು ತಮ್ಮ ಊರಿನಲ್ಲೇ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿದರು. ಸಂತೆಯಲ್ಲಿ ಕೆಲವರು ಮಾತಾಡಿಸುತ್ತಾರೆ, ಕೆಲವರು ತರಕಾರಿ ಕೊಟ್ಟು ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲೆ ಇಡುತ್ತಾರೆ ಎಂದು ಮಗಳ ಮೂಲಕ ತಿಳಿಯುತ್ತಿತ್ತು.

ಕಳೆದ ಶರತ್ಕಾಲದಲ್ಲಿ ಒಂದು ಭಾನುವಾರ ಅವರೇ ಫೋನ್ ಮಾಡಿದರು. ಗೆಳತಿಯ ಮನೆಗೆ ಮತ್ತೆ ಹೋಗಿದ್ದರಂತೆ. ಈ ಸಲ ಆಕೆ ಬಾಗಿಲು ಪೂರ್ತಿ ತೆರೆದು, ಕೂರಲು ಹೇಳದೆ, ಹಜಾರದಲ್ಲೇ ನಿಲ್ಲಿಸಿ ಮಾತಾಡಿಸಿದರು. ಹೊಸ ಕ್ರೀಡಾಂಗಣ ಕಟ್ಟಿ ಮುಗಿಸಿದ ಸುದ್ದಿ ಹೇಳಿದರು. ತಾವು ಅದನ್ನು ನೋಡಬಹುದೇ ಎಂದು ಇವರು ಕೇಳಿದ್ದಕ್ಕೆ, "ಅದು ಊರಿನ ಕಟ್ಟಡ. ಯಾರು ಬೇಕಾದರೂ ಹೋಗಬಹುದು" ಎಂದರು. ಹೊರಡುವಾಗ ಇವರನ್ನು ಹೆಸರು ಹಿಡಿದು ಕರೆದು, ಮೆಟ್ಟಿಲು ಜಾರುತ್ತದೆ, ನೋಡಿಕೊಂಡು ಹೋಗು ಎಂದರು.

ಇವರು ಕ್ರೀಡಾಂಗಣಕ್ಕೆ ಹೋದರು. ಒಳಗೆ ಮಕ್ಕಳು ಆಡುತ್ತಿದ್ದರು. ಆ ಯುವತಿ ಅಂಚಿನಲ್ಲಿ ಕುರ್ಚಿಯ ಮೇಲೆ ಕೂತಿದ್ದಳು, ಪಕ್ಕದಲ್ಲಿ ಊರುಗೋಲು, ಬಾಯಲ್ಲಿ ಸೀಟಿ. ತಪ್ಪು ಮಾಡಿದ ಹುಡುಗನೊಬ್ಬನನ್ನು ಗದರಿಸುತ್ತಿದ್ದಳು.

"ನೀವು ಮಾತಾಡಿಸಲಿಲ್ಲವೇ?" ಎಂದೆ.

"ಬಾಗಿಲಲ್ಲೇ ನಿಂತಿದ್ದು ಬಂದುಬಿಟ್ಟೆ. ಮಾತಾಡಿಸಿದ್ದರೆ, ಪಾಪ, ಅವಳು ನನಗೆ ಏನಾದರೂ ಒಳ್ಳೆಯ ಮಾತು ಹೇಳಬೇಕಾಗುತ್ತಿತ್ತು."

ಅಲ್ಲಿ ಹವೆ ಹೇಗಿದೆ ಎಂದು ಕೇಳಿದೆ. ಮೋಡವಾಗಿದೆ, ಸಂಜೆಗೆ ಮಳೆ ಬರಬಹುದು ಎಂದರು. ನನ್ನ ಮಗಳ ಓದಿನ ಬಗ್ಗೆ ವಿಚಾರಿಸಿದರು, ನನ್ನ ಗಂಡನಿಗೆ ನಮಸ್ಕಾರ ತಿಳಿಸಲು ಹೇಳಿದರು.